ಹಂಚು ಜಾಸ್ತಿ ಕಾದರೆ ನೀರಿನ ಹನಿ ತಡವಾಗಿ ಆರುವುದೇಕೆ?

ರೊಟ್ಟಿ ಅಕ್ಕ, ಕಲಬುರಗಿ

ಎಲ್ಲರಿಗೂ ಶರಣ್ರೀ.

ನಾನು ಕಲಬುರಗಿಯಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಖಾನಾವಳಿಗೆ, ಹಾಸ್ಟೆಲ್‌ಗೆ, ಮದುವೆ ಸೀಸನ್‌ನಲ್ಲಿ ಕಲ್ಯಾಣ ಮಂಟಪಕ್ಕೆ ಕೊಡುತ್ತೇವೆ. ನನ್ನ ಜೊತೆ ಇನ್ನಿಬ್ಬರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಬೆಳಗಿನಿಂದ ಸಂಜೆವರೆಗೆ ಬೆಂಕಿ, ನೀರು, ಹಿಟ್ಟು, ಇಷ್ಟೇ. ಈ ನೀರಿನ ಬಗ್ಗೆ ಮೂರು ಮಾತು ಕೇಳಬೇಕಿದೆ. ಓದಿದವರು ಬೈಕೋಬೇಡಿ.

ಮೊದಲನೆಯದು ಹಂಚಿಂದು. ಹಂಚು ಕಾದಿದೆಯಾ ಅಂತ ನೋಡೋಕೆ ಕೈ ಅದ್ದಿ ನಾಲ್ಕು ಹನಿ ಚಿಮುಕಿಸುತ್ತೇವೆ. ಅರ್ಧಂಬರ್ಧ ಕಾದಿದ್ದರೆ ಹನಿ ಚುಂಯ್ ಅಂತ ಸದ್ದು ಮಾಡಿ ಬಿದ್ದಲ್ಲೇ ಆರಿಹೋಗುತ್ತೆ. ಅದೇ ಹಂಚನ್ನು ಇನ್ನೂ ಕಾಯಿಸಿ, ಆಗ ಹನಿ ಸದ್ದೇ ಮಾಡಲ್ಲ. ಗುಂಡಗೆ ಉಂಡೆಯಾಗಿ ಹಂಚಿನ ತುಂಬಾ ಓಡಾಡುತ್ತೆ. ಬೇಗ ಆರೋದೂ ಇಲ್ಲ. ಬೆಂಕಿ ಜಾಸ್ತಿ ಆದರೆ ನೀರು ಬೇಗ ಆರಬೇಕಲ್ವಾ? ಇದು ಉಲ್ಟಾ ಯಾಕೆ?

ಎರಡನೆಯದು ಎಸರಿಂದು. ಜೋಳದ ಹಿಟ್ಟಿಗೆ ಕುದಿಯೋ ನೀರೇ ಬೇಕು, ಇಲ್ಲದಿದ್ದರೆ ಹಿಟ್ಟಿಗೆ ಜಿಗುಟು ಬರಲ್ಲ, ರೊಟ್ಟಿ ಅಂಚು ಒಡೆಯುತ್ತೆ. ನಮ್ಮಲ್ಲಿ ಕೆಲಸ ಮಾಡುವ ಒಬ್ಬಾಕೆ ಎಸರು ಕುದಿ ಬಂದ ಮೇಲೂ ಗ್ಯಾಸ್ ಪೂರ್ತಿ ದೊಡ್ಡದಾಗೇ ಇಡಬೇಕು ಅನ್ನುತ್ತಾಳೆ. "ಭರ್ಜರಿ ಕುದಿಸಿದರೆ ನೀರು ಇನ್ನೂ ಸುಡುತ್ತೆ" ಅಂತ ವಾದ. ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯಿಂದ ಉದ್ದನೆಯ ಥರ್ಮಾಮೀಟರ್ ತಂದು ಎಸರಲ್ಲಿ ಅದ್ದಿ ನೋಡಿದಳು. ಒಲೆ ಸಣ್ಣ ಮಾಡಿದರೂ ಅಷ್ಟೇ, ದೊಡ್ಡ ಮಾಡಿದರೂ ಅಷ್ಟೇ. ಪಾದರಸ 98ರ ಸ್ವಲ್ಪ ಮೇಲೆ ನಿಂತುಬಿಟ್ಟಿತು, ಅಲ್ಲಾಡಲಿಲ್ಲ. ಪುಸ್ತಕದಲ್ಲಿ 100 ಅಂತ ಇದೆ. ಹಾಗಾದರೆ ನಾನು ಸುರಿಯೋ ಗ್ಯಾಸ್ ಎಲ್ಲಿಗೆ ಹೋಗುತ್ತಿದೆ? ಸಿಲಿಂಡರ್ ರೇಟು ನೋಡಿದರೆ ಈ ಪ್ರಶ್ನೆ ಸಣ್ಣದಲ್ಲ.

ಮೂರನೆಯದು ನನ್ನ ಮೈದುನಂದು. ಅವನದು ಕಬ್ಬಿನ ಹಾಲಿನ ಅಂಗಡಿ. ಐಸ್ ಗಡ್ಡೆ ತರಿಸುತ್ತಾನಲ್ಲ, ಅದು ಹೊರಗೆಲ್ಲ ಗಾಜು ಇದ್ದಂಗೆ ಸ್ವಚ್ಛ, ನಡುವೆ ಮಾತ್ರ ಬೆಳ್ಳಗೆ. ನಡುವೆ ಕೆಟ್ಟ ನೀರು ಹಾಕುತ್ತಾರೆ ಅಂತ ಒಬ್ಬ ಗಿರಾಕಿ ಹೇಳಿ ಹೋದನಂತೆ. ಅವತ್ತಿನಿಂದ ಇವನಿಗೆ ಅದೇ ಚಿಂತೆ. ನಿಜಾನಾ?

ಯಾದಗಿರಿ ಹುಡುಗ

ಅಕ್ಕಾ, ಹನಿ ಓಡಾಡೋದಕ್ಕೆ ಲೈಡನ್‌ಫ್ರಾಸ್ಟ್ ಪರಿಣಾಮ ಅಂತಾರೆ. ಅದಕ್ಕಿಂತ ಜಾಸ್ತಿ ಕೇಳಬೇಡಿ, ಪರೀಕ್ಷೆಗೆ ಹೆಸರಷ್ಟೇ ಬಾಯಿಪಾಠ ಮಾಡಿದ್ದು.

ನಾನೂ ಎರಡು ವಿಚಿತ್ರ ಸೇರಿಸುತ್ತೇನೆ, ಗೊತ್ತಿದ್ದವರು ಹೇಳಿ. ನನ್ನ ಗೆಳೆಯನದು ಕೂಲ್‌ಡ್ರಿಂಕ್ಸ್ ಅಂಗಡಿ. ಒಂದು ಸಲ ಡೀಪ್ ಫ್ರಿಜ್‌ನಿಂದ ನೀರಿನ ಬಾಟಲಿ ತೆಗೆದ. ನೀರು ನೀರಾಗೇ ಇತ್ತು. ಕೌಂಟರ್ ಮೇಲೆ ಸುಮ್ನೆ ಒಂದೇಟು ಕುಟ್ಟಿದ. ಮೇಲಿಂದ ಕೆಳಗಿನ ತನಕ ಕಣ್ಣೆದುರಿಗೇ ಐಸ್ ಆಯಿತು! ಆದರೆ ಗಟ್ಟಿ ಅಲ್ಲ, ಗೋಲಾ ಐಸ್ ಥರ ಮೆತ್ತಗೆ. ಅಲ್ಲಿದ್ದ ಗಿರಾಕಿಗಳೆಲ್ಲ ಇನ್ನೊಂದು ಬಾಟಲಿ ಕುಟ್ಟು ಅಂತ ಹಿಂದೆ ಬಿದ್ದರು, ಅದು ಆಗಲೇ ಇಲ್ಲ.

ಇನ್ನೊಂದು, ಬಿಸಿನೀರು ತಣ್ಣೀರಿಗಿಂತ ಬೇಗ ಐಸ್ ಆಗುತ್ತಂತೆ. ವಿಡಿಯೋದಲ್ಲಿ ನೋಡಿದೆ. ಐಸ್ ಫ್ಯಾಕ್ಟರಿಯವರು ಬಿಸಿನೀರೇ ಹಾಕುತ್ತಾರಾ?

ಹಳೇ ಐಸ್ ಮೇಸ್ತ್ರಿ

ಅಕ್ಕಾರೆ, ಶರಣು. ಕಲಬುರಗಿ ಕಡೆ ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಂಡು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಓದಿದ್ದು ಐಟಿಐ. ಹನಿಯ ವಿಷಯ ಮೇಷ್ಟ್ರುಗಳಿಗೆ ಬಿಡುತ್ತೇನೆ. ಐಸ್ ಮತ್ತು ಎಸರು ನನಗೆ ಬಿಡಿ.

ಯಾದಗಿರಿ ತಮ್ಮಾ, ಯಾವ ಫ್ಯಾಕ್ಟರಿಯಲ್ಲೂ ಬಿಸಿನೀರು ತುಂಬೋದನ್ನು ನಾನು ನೋಡಿಲ್ಲ. ಮಾಲೀಕ ಕರೆಂಟ್ ಬಿಲ್ ನೋಡಿ ಎದೆ ಹಿಡಿದುಕೊಳ್ಳುತ್ತಾನೆ.

ಮೊದಲು ಮೈದುನನ ಚಿಂತೆ ಕಳೆಯೋಣ. ಫ್ಯಾಕ್ಟರಿಯಲ್ಲಿ ದೊಡ್ಡ ಉಪ್ಪುನೀರಿನ ತೊಟ್ಟಿ ಇರುತ್ತೆ. ಅಮೋನಿಯಾ ಪೈಪು ಆ ನೀರನ್ನು ಮೈನಸ್ 10ರ ಆಸುಪಾಸಿಗೆ ಇಳಿಸುತ್ತೆ. ಉಪ್ಪು ಇರೋದರಿಂದ ಅದು ಗಟ್ಟಿಯಾಗಲ್ಲ. ಅದರೊಳಗೆ ತಗಡಿನ ಉದ್ದನೆಯ ಡಬ್ಬಿಗಳಲ್ಲಿ ಒಳ್ಳೆ ನೀರು ತುಂಬಿ ಇಳಿಬಿಡುತ್ತಾರೆ. ಡಬ್ಬಿಯ ಗೋಡೆಯ ಕಡೆಯಿಂದ ಐಸ್ ಕಟ್ಟುತ್ತಾ ಒಳಗೆ ಬರುತ್ತೆ. ಈಗ ನೀರಿನ ಒಂದು ಗುಣ ನೋಡಿ. ಐಸ್ ಆಗುವಾಗ ಅದು ತನ್ನೊಳಗೆ ಬೇರೆ ಯಾರನ್ನೂ ಸುಲಭಕ್ಕೆ ಸೇರಿಸಿಕೊಳ್ಳಲ್ಲ. ನೀರಲ್ಲಿ ಕರಗಿದ ಗಾಳಿ, ಸುಣ್ಣ, ಉಪ್ಪು ಎಲ್ಲವನ್ನೂ ಮುಂದಕ್ಕೆ ತಳ್ಳುತ್ತೆ. ನಾಲ್ಕೂ ಕಡೆಯಿಂದ ತಳ್ಳಿದರೆ ಕೊನೆಗೆ ಎಲ್ಲ ಬಂದು ಸೇರೋದು ನಡುವೆ. ಗಾಳಿ ಅಲ್ಲಿ ಸಣ್ಣ ಸಣ್ಣ ಗುಳ್ಳೆಯಾಗಿ ಸಿಕ್ಕಿಬೀಳುತ್ತೆ. ಬಿಳಿ ಕಾಣೋದು ಅದೇ. ನಡುವಿಗೆ ಬೇರೆ ನೀರು ಯಾರೂ ಹಾಕಿಲ್ಲ. ಪೂರ್ತಿ ತಿಳಿ ಐಸ್ ಬೇಕು ಅಂದರೆ ಡಬ್ಬಿಯೊಳಗೆ ನಳಿಕೆ ಇಳಿಸಿ ಗಾಳಿ ಊದುತ್ತಾ ನೀರು ಕಲಕುತ್ತಿರಬೇಕು. ಕೊನೆಯಲ್ಲಿ ನಡುವೆ ಉಳಿದ ನೀರನ್ನು ಹೀರಿ ತೆಗೆದು ಹೊಸ ನೀರು ತುಂಬಬೇಕು.

ಆದರೆ ಒಂದು ಮಾತು. ಹೊರಗಡೆ ತಿಳಿ ಇದೆ ಅಂದರೆ ಶುದ್ಧ ಅಂತಲೂ ಅಲ್ಲ. ಐಸ್ ಬಣ್ಣ ನೋಡಿ ಯಾವುದೂ ಗೊತ್ತಾಗಲ್ಲ. ಡಬ್ಬಿಗೆ ಯಾವ ನೀರು ತುಂಬಿದರು, ಗಡ್ಡೆಯನ್ನು ಯಾವ ಗೋಣಿಚೀಲದಲ್ಲಿ ಸುತ್ತಿದರು, ಯಾವ ನೆಲದ ಮೇಲೆ ಎಳೆದರು, ಮೈದುನ ಅದನ್ನು ಕೇಳಲಿ.

ಡಬ್ಬಿಯನ್ನು ಬಾಯಿತನಕ ತುಂಬಲ್ಲ. ನೀರು ಐಸ್ ಆದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತೆ. ತುಪ್ಪ, ಮೇಣ, ಕರಗಿದ ಸೀಸ, ಇವೆಲ್ಲ ಗಟ್ಟಿಯಾದರೆ ಕುಗ್ಗುತ್ತವೆ. ನೀರಿನದು ಬೇರೆ ಜಾತಿ. ಬಾಯಿ ಮುಚ್ಚಿದ ಗಾಜಿನ ಬಾಟಲಿ ಫ್ರಿಜ್ಜಿನಲ್ಲಿ ಒಡೆಯೋದು ಇದಕ್ಕೇ.

ಈಗ ಎಸರು. ನಾನು ಹೇಳಬೇಕಾದ ಅಸಲಿ ಮಾತು ಇಲ್ಲಿದೆ. ನೀರು ರೂಪ ಬದಲಿಸುವ ಹೊತ್ತಿನಲ್ಲಿ ಥರ್ಮಾಮೀಟರ್ ನಂಬಬೇಡಿ. ಅದು ಸುಳ್ಳು ಹೇಳಲ್ಲ, ಆದರೆ ಅರ್ಧ ಲೆಕ್ಕ ಮಾತ್ರ ತೋರಿಸುತ್ತೆ. ತೊಗರಿ ಮಾರಿದ ದುಡ್ಡಲ್ಲಿ ಅಲ್ಲೇ ಅಡತಿ ಅಂಗಡಿ ಸಾಲ ತೀರಿಸಿ ಬಂದರೆ ಮನೆಯಲ್ಲಿ ಜೇಬು ಮುಟ್ಟಿ ನೋಡಿದವರಿಗೆ ದುಡ್ಡು ಬಂದಿದ್ದೇ ಕಾಣಲ್ಲ, ಹಾಗೆ.

ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸೋಕೆ ಒಂದು ಕಿಲೋಕ್ಯಾಲರಿ ಬೇಕು. ನಿಮ್ಮ ಕೊಡದ ನೀರು 30 ಡಿಗ್ರಿ ಅಂದುಕೊಳ್ಳಿ. ಕುದಿಯೋ ತನಕ ತರೋಕೆ 68 ಸಾಕು. ಆದರೆ ಅದೇ ಒಂದು ಕಿಲೋ ನೀರನ್ನು ಪೂರ್ತಿ ಉಗಿ ಮಾಡೋಕೆ ಇನ್ನೂ 540 ಬೇಕು. ಕಾಯಿಸೋದಕ್ಕಿಂತ ಎಂಟು ಪಟ್ಟು! ಆ 540 ಒಳಗೆ ಹೋಗುವಾಗ ಪಾದರಸ ಒಂದು ಕೂದಲೆಳೆಯಷ್ಟೂ ಏರಲ್ಲ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಆ ಹಿಡಿತ ಬಿಡಿಸೋಕೆ ಅಷ್ಟೂ ಬಿಸಿ ಖರ್ಚಾಗುತ್ತೆ. ಕುದಿ ಬಂದ ಮೇಲೆ ಗ್ಯಾಸ್ ದೊಡ್ಡ ಇಟ್ಟರೆ ಎಸರು ಇನ್ನೂ ಸುಡೋದಿಲ್ಲ, ಬೇಗ ಆರುತ್ತೆ ಅಷ್ಟೇ. ನಿಮ್ಮ ಗ್ಯಾಸ್ ಕಿಟಕಿಯಿಂದ ಉಗಿಯಾಗಿ ಹೊರಗೆ ಹೋಗುತ್ತಿದೆ. ಕುದಿ ಬಂದ ಕೂಡಲೇ ಒಲೆ ಸಣ್ಣ ಮಾಡಿ, ಮುಚ್ಚಳ ಇಡಿ. ಆ ತಂಗಿಗೆ ನನ್ನ ಹೆಸರು ಹೇಳಿ.

ಐಸ್ ಕಡೆಯೂ ಇದೇ ಕಥೆ. 30 ಡಿಗ್ರಿಯ ನೀರನ್ನು ಸೊನ್ನೆಗೆ ಇಳಿಸೋಕೆ ಕಿಲೋಗೆ 30 ತೆಗೆದರೆ ಆಯಿತು. ಆಮೇಲೆ ಸೊನ್ನೆಯಲ್ಲೇ ನಿಲ್ಲಿಸಿ ಐಸ್ ಮಾಡೋಕೆ ಇನ್ನೂ 80 ತೆಗೆಯಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಡಬ್ಬಿಯೊಳಗೆ ಬೆರಳು ಅದ್ದಿ, "ನೀರು ಕೊರೀತಿದೆ, ಇನ್ನೇನು ಆಯ್ತು" ಅಂತಿದ್ದರು. ಆಗಿರುತ್ತಿದ್ದದ್ದು ಕಾಲು ಭಾಗದ ಕೆಲಸ. ಗೋಡೆಯ ಐಸ್ ದಪ್ಪ ಆದಷ್ಟೂ ಒಳಗಿನ ಬಿಸಿ ಹೊರಗೆ ಬರೋದು ಇನ್ನೂ ನಿಧಾನ. ನಡುವಿನ ಕೊನೆಯ ಎರಡು ಇಂಚು ಕಟ್ಟೋಕೆ ಜೀವ ತೆಗೆಯುತ್ತೆ.

ಅಂದಹಾಗೆ ಒಂದೂವರೆ ಟನ್ ಎಸಿ ಅಂತಾರಲ್ಲ, ಆ ಟನ್ ಎಸಿಯ ತೂಕ ಅಲ್ಲ. ನಮ್ಮ ಐಸ್ ಲೆಕ್ಕವೇ ಅದು. ಒಂದು ಟನ್ ಐಸ್ 24 ತಾಸಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತೋ ಅಷ್ಟು, ಅಂದರೆ ಸುಮಾರು 3.5 ಕಿಲೋವ್ಯಾಟ್. ಅದು ಅಮೆರಿಕದ ಟನ್, 907 ಕಿಲೋ. ಎಸಿ ಅಂಗಡಿಯವನನ್ನು ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರಲ್ಲ.

ಬೀದರ್ ಮೇಷ್ಟ್ರು

ಮೇಸ್ತ್ರಿಗಳೇ, ಇಷ್ಟು ಚೆನ್ನಾಗಿ ನಾನು ಕ್ಲಾಸಿನಲ್ಲಿ ಹೇಳಿದ್ದರೆ ಮಕ್ಕಳು ನಿದ್ದೆ ಮಾಡುತ್ತಿರಲಿಲ್ಲ. ನೀವು ಹೇಳಿದ ಈ ಕಾಣದ ಬಿಸಿಗೆ ಗುಪ್ತೋಷ್ಣ ಅಂತಾರೆ. ಜೋಸೆಫ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ಮೇಷ್ಟ್ರು 1760ರ ದಶಕದ ಶುರುವಿನಲ್ಲಿ ಗ್ಲಾಸ್ಗೋದಲ್ಲಿ ಇದನ್ನು ಅಳೆದರು. ಅದಕ್ಕೂ ಮೊದಲು, ಐಸ್ ಸೊನ್ನೆಗೆ ಬಂದ ಮೇಲೆ ಇಷ್ಟೇ ಇಷ್ಟು ಬಿಸಿ ಕೊಟ್ಟರೂ ಎಲ್ಲ ಒಮ್ಮೆಲೇ ಕರಗುತ್ತೆ ಅಂತಲೇ ಜನ ನಂಬಿದ್ದರು.

ಈಗ 98ರ ವಿಷಯ. ಅಕ್ಕಾರೆ, ನಿಮ್ಮ ಮಗಳ ಥರ್ಮಾಮೀಟರ್ ಸರಿ ಇದೆ. ಪುಸ್ತಕವೂ ಸರಿ ಇದೆ. ಪುಸ್ತಕದ 100 ಸಮುದ್ರಮಟ್ಟದ ಲೆಕ್ಕ. ನೀರು ಕುದಿಯೋದು ಅಂದರೆ ಒಳಗಿನ ಉಗಿ ಮೇಲಿನ ಗಾಳಿಯ ಒತ್ತಡವನ್ನು ತಳ್ಳಿ ಗುಳ್ಳೆಯಾಗಿ ಏಳೋದು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಗುಳ್ಳೆ ಏಳೋದು ಸುಲಭ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹಾಗಾಗಿ 98.5. ನಮ್ಮ ಬೀದರ್ ಇನ್ನೂ ಎತ್ತರ, ಇಲ್ಲಿ 98ರ ಹತ್ತಿರ. ಲಡಾಖಿನ ಲೇಹ್‌ನಲ್ಲಿ 88ಕ್ಕೇ ಕುದಿಯುತ್ತೆ, ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸೋಕೆ ಹೋದರೆ ಸಂಜೆಯಾಗುತ್ತೆ. ಕುಕ್ಕರ್ ಇದನ್ನೇ ತಿರುಗಿಸಿ ಹಾಕುತ್ತೆ. ಒಳಗೆ ಒತ್ತಡ ಜಾಸ್ತಿ ಮಾಡಿ ನೀರನ್ನು 120ರ ತನಕ ಕುದಿಯದಂತೆ ತಡೆಯುತ್ತೆ. ನಮ್ಮ ತೊಗರಿಬೇಳೆ ಎಷ್ಟೇ ಹೆಸರುವಾಸಿಯಾದರೂ ಬೋರ್‌ವೆಲ್ಲಿನ ಗಡುಸು ನೀರು ಸೇರಿದರೆ ಕುಕ್ಕರ್ ಇಲ್ಲದೆ ಕಷ್ಟವೇ.

ಒಂದು ತಮಾಷೆ ಹೇಳುತ್ತೇನೆ, ಮಗಳಿಗೂ ಹೇಳಿ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆ ಮಾಡಿದಾಗ ಕುದಿಯುವ ನೀರಿಗೆ 0, ಐಸ್‌ಗೆ 100 ಅಂತ ಇಟ್ಟಿದ್ದ! ಅದನ್ನು ತಲೆಕೆಳಗೆ ಮಾಡಿದ್ದು ಆಮೇಲೆ. ಆದರೆ ಕುದಿಯುವ ಬಿಂದು ಗಾಳಿಯ ಒತ್ತಡದ ಜೊತೆ ಬದಲಾಗುತ್ತೆ ಅನ್ನೋದು ಅವನಿಗೆ ಆಗಲೇ ಗೊತ್ತಿತ್ತು. ನಿಮ್ಮ ಅಡುಗೆಮನೆಯ 98 ಕಂಡರೆ ಅವನಿಗೆ ಖುಷಿಯಾಗುತ್ತಿತ್ತು.

ಹನಿಯ ವಿಷಯ. ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ ಅಂತ ಜರ್ಮನಿಯ ಒಬ್ಬ ವೈದ್ಯ 1756ರಲ್ಲಿ ಇದರ ಬಗ್ಗೆ ಬರೆದರು. ಅವರು ಮಾಡಿದ್ದು ನಿಮ್ಮದೇ ಕೆಲಸ. ಕಬ್ಬಿಣದ ಸೌಟನ್ನು ಕೆಂಪಗೆ ಕಾಯಿಸಿ ಅದರಲ್ಲಿ ಹನಿ ಹಾಕಿ, ಎಷ್ಟು ಹೊತ್ತು ಉಳಿಯುತ್ತೆ ಅಂತ ನೋಡಿದರು. ಕೆಂಪಗೆ ಕಾದಾಗ ಹಾಕಿದ ಮೊದಲ ಹನಿ ಜಾಸ್ತಿ ಹೊತ್ತು ಉಳಿಯಿತು. ಸೌಟು ಆರುತ್ತಾ ಬಂದಂತೆ ಮುಂದಿನ ಹನಿಗಳು ಬೇಗ ಬೇಗ ಹೋದವು. ಕಾರಣ ಇಷ್ಟು. ಹಂಚು ಸಾಧಾರಣ ಕಾದಿದ್ದರೆ ಹನಿ ಕಬ್ಬಿಣಕ್ಕೆ ಅಂಟಿಕೊಂಡು ಕುದಿಯುತ್ತೆ, ಕಬ್ಬಿಣದ ಬಿಸಿ ನೇರ ಒಳಗೆ ನುಗ್ಗುತ್ತೆ. ಸುಮಾರು 200 ಡಿಗ್ರಿ ದಾಟಿದ ಹಂಚಿನಲ್ಲಿ, ಹನಿ ಮುಟ್ಟುವ ಮೊದಲೇ ಅದರ ತಳ ಉಗಿಯಾಗುತ್ತೆ. ಆ ಉಗಿಯ ತೆಳು ಪದರದ ಮೇಲೆ ಹನಿ ತೇಲುತ್ತೆ. ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಆದರೆ ಉಗಿಯ ಮೂಲಕ ಬಿಸಿ ಹರಿಯೋದು ತುಂಬಾ ನಿಧಾನ. ಹೀಗಾಗಿ ಹನಿಯೇ ತನಗೊಂದು ತಡೆ ಕಟ್ಟಿಕೊಂಡು ಬದುಕುತ್ತೆ. ಕೆಳಗೆ ಅಂಟು ಇಲ್ಲ, ಅದಕ್ಕೇ ಓಡಾಟ. ಆ 200 ಖಡಕ್ ಸಂಖ್ಯೆ ಅಲ್ಲ. ಹಂಚು ನುಣುಪೋ ಒರಟೋ, ಎಣ್ಣೆ ಹತ್ತಿದೆಯೋ ಇಲ್ಲವೋ ಅನ್ನೋದರ ಮೇಲೆ ಅತ್ತಿತ್ತ ಆಗುತ್ತೆ.

ಯಾದಗಿರಿ ತಮ್ಮನ ಬಿಸಿನೀರಿನ ಕಥೆ ಟಾಂಜಾನಿಯದ್ದು. 1963ರಲ್ಲಿ ಎರಾಸ್ಟೊ ಎಂಪೆಂಬಾ ಅನ್ನೋ ಶಾಲಾ ಹುಡುಗ ಐಸ್‌ಕ್ರೀಮ್ ಮಾಡುವಾಗ ಬಿಸಿ ಹಾಲನ್ನೇ ಫ್ರಿಜ್ಜಿಗಿಟ್ಟ, ಅವನದೇ ಮೊದಲು ಗಟ್ಟಿಯಾಯಿತು. ಮೇಷ್ಟ್ರು ನಕ್ಕರು. ಡೆನಿಸ್ ಆಸ್‌ಬಾರ್ನ್ ಅನ್ನೋ ಪ್ರೊಫೆಸರ್ ಮಾತ್ರ ನಗದೆ ಮಾಡಿ ನೋಡಿದರು, 1969ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಆಮೇಲೆ ಎಷ್ಟೋ ಜನ ಮಾಡಿ ನೋಡಿದ್ದಾರೆ. ಕೆಲವರಿಗೆ ಬಂತು, ಹಲವರಿಗೆ ಬರಲಿಲ್ಲ. 2016ರಲ್ಲಿ ಬರ್ರಿಡ್ಜ್ ಮತ್ತು ಲಿಂಡೆನ್ ಎಚ್ಚರದಿಂದ ಅಳೆದಾಗ ಅಂಥದ್ದೇನೂ ಕಾಣಲಿಲ್ಲ. ಥರ್ಮಾಮೀಟರನ್ನು ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಇಟ್ಟರೂ ಫಲಿತಾಂಶ ಬದಲಾಗುತ್ತೆ ಅಂತ ತೋರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ವಿಡಿಯೋ ನೋಡಿ ನಂಬುವ ವಿಷಯ ಅಲ್ಲ ಇದು. ಆ ಹುಡುಗನ ಧೈರ್ಯ ಮಾತ್ರ ನಂಬಬಹುದು.

ರೊಟ್ಟಿ ಅಕ್ಕ, ಕಲಬುರಗಿ

ಮೇಸ್ತ್ರಿ ಅಣ್ಣಾರೆ, ಮೇಷ್ಟ್ರೇ, ನಿಮ್ಮಿಬ್ಬರಿಗೂ ಶರಣು. ನಮ್ಮ ತಂಗಿಗೆ ಓದಿ ಹೇಳಿದೆ. "ಅವರು ಐಸ್ ಮಾಡಿದವರು, ಅವರಿಗೆ ಎಸರಿನ ಸುದ್ದಿ ಏನು ಗೊತ್ತು" ಅಂದಳು. ಆದರೆ ಒಲೆ ಸಣ್ಣ ಮಾಡಿದಳು.

ಒಂದು ಮಾತು ಇನ್ನೂ ತಲೆಯಲ್ಲಿ ಕೂರುತ್ತಿಲ್ಲ. ಹನಿ ಉಗಿಯ ಮೇಲೆ ತೇಲುತ್ತೆ ಅಂದಿರಿ. ರೊಟ್ಟಿಯೊಳಗೂ ನೀರೇ ಅಲ್ವಾ ಇರೋದು? ಅದೂ ತೇಲಬೇಕಲ್ಲ? ನಮ್ಮ ರೊಟ್ಟಿ ಹಂಚಿಗೆ ಕೂತು ಚೆನ್ನಾಗಿಯೇ ಬೇಯುತ್ತೆ. ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುವ ಹೊತ್ತಿಗೆ ತಿರುವಿ ಹಾಕುತ್ತೇವೆ.

ಇನ್ನೊಂದು. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ಫ್ರಿಜ್ಜೇ ಬೇಡ ಅನ್ನೋ ಹಾಗೆ ತಣ್ಣಗಿರುತ್ತೆ. ಆಷಾಢದಲ್ಲಿ ಹೊರಗೇ ತಂಪಿದ್ದರೂ ಹರವಿ ನೀರು ಸಪ್ಪೆ. ಕೂಲರ್ ಕೂಡ ಆಗ ಬರೀ ಜಿಡ್ಡು ಗಾಳಿ ಬಿಡುತ್ತೆ. ಮೈದುನ ಅಂತಾನೆ, ಆ ತಿಂಗಳಲ್ಲಿ ಅವನ ಸ್ಟೀಲ್ ಗ್ಲಾಸು ಮಾತ್ರ ಸುರಿಯೋ ಹಾಗೆ ಬೆವರುತ್ತೆ ಅಂತ.

ಬೀದರ್ ಮೇಷ್ಟ್ರು

ರೊಟ್ಟಿಯ ಪ್ರಶ್ನೆ ಬಹಳ ಒಳ್ಳೆಯದು, ನಾನು ಯೋಚಿಸಿಯೇ ಇರಲಿಲ್ಲ. ತೇಲಬೇಕಾದರೆ ಉಗಿ ಎಡೆಬಿಡದೆ, ಒಂದೇ ಸಮ ಹೊಮ್ಮುತ್ತಿರಬೇಕು. ಹನಿಯಲ್ಲಿ ನೀರು ಬಿಡಿಯಾಗಿದೆ, ಬೇಕಾದಷ್ಟು ಸಿಗುತ್ತೆ. ರೊಟ್ಟಿಯಲ್ಲಿ ನೀರು ಹಿಟ್ಟಿನ ಕೈಯಲ್ಲಿ ಸಿಕ್ಕಿಕೊಂಡಿದೆ, ನಿಧಾನಕ್ಕೆ ಬಿಡುಗಡೆಯಾಗುತ್ತೆ. ತಳದ ತೆಳು ಪದರ ಬೇಗ ಒಣಗಿ ಹಂಚಿಗೆ ಕೂತುಬಿಡುತ್ತೆ. ಜೊತೆಗೆ ತಣ್ಣನೆ ರೊಟ್ಟಿ ಬಿದ್ದ ಕೂಡಲೇ ಆ ಜಾಗದ ಹಂಚೂ ಸ್ವಲ್ಪ ಆರುತ್ತೆ. ನೀವು ಮೇಲೆ ಸವರುವ ನೀರಿಗೂ ಕೆಲಸ ಇದೆ. ಆ ನೀರು ಇರುವ ತನಕ ಮೇಲ್ಮೈ 98 ದಾಟೋ ಹಾಗಿಲ್ಲ, ಒಣಗಿ ಬಿರಿಯಲ್ಲ.

ಉಬ್ಬೋದು ಮಾತ್ರ ಪೂರ್ತಿ ಉಗಿಯ ಕರಾಮತ್ತು. ಒಂದು ಗ್ರಾಂ ನೀರು ಉಗಿಯಾದರೆ ಒಂದೂವರೆ ಲೀಟರಿಗಿಂತ ಜಾಸ್ತಿ ಜಾಗ ಕೇಳುತ್ತೆ. ಒಂದು ರೊಟ್ಟಿಯನ್ನು ಪೂರ್ತಿ ಉಬ್ಬಿಸೋಕೆ ಅರ್ಧ ಗ್ರಾಂ ನೀರೂ ಬೇಡ.

ನರ್ಸಮ್ಮ, ಶಹಾಪುರ

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನೀವೆಲ್ಲ 540, 540 ಅಂತ ಖುಷಿಯಾಗಿ ಮಾತಾಡುತ್ತಿದ್ದೀರಿ, ನಮಗೆ ಅದು ಡ್ರೆಸ್ಸಿಂಗ್ ರೂಮಿನಲ್ಲಿ ಕಾಣುತ್ತೆ.

ಕುದಿಯುವ ನೀರು ಒಂದು ಗ್ರಾಂ ಮೈಮೇಲೆ ಬಿದ್ದು ಮೈಯ ಬಿಸಿಗೆ ಇಳಿಯುವಾಗ ಸುಮಾರು 60 ಕ್ಯಾಲರಿ ಬಿಡುತ್ತೆ. ಒಂದು ಗ್ರಾಂ ಉಗಿ ಚರ್ಮ ತಾಗಿ ನೀರಾಗುವಾಗ ಮೊದಲು ಆ 540 (ಕಿಲೋಗೆ 540 ಕಿಲೋಕ್ಯಾಲರಿ ಅಂದರೆ ಗ್ರಾಮಿಗೆ 540 ಕ್ಯಾಲರಿ) ವಾಪಸ್ ಕೊಟ್ಟು, ಆಮೇಲೆ ಈ 60 ಕೊಡುತ್ತೆ. ಒಟ್ಟು 600. ಡಿಗ್ರಿ ಎರಡಕ್ಕೂ ಒಂದೇ!

ಇನ್ನೊಂದು ಅಪಾಯ, ನಿಜವಾದ ಉಗಿ ಕಣ್ಣಿಗೆ ಕಾಣಲ್ಲ. ಕುಕ್ಕರ್ ಸೀಟಿ ಹೊಡೆಯುವಾಗ ಗಮನಿಸಿ. ಸೀಟಿಯ ಬಾಯಿಗೆ ತಾಗಿ ಸ್ವಲ್ಪ ಜಾಗ ಖಾಲಿ ಇರುತ್ತೆ, ಆಮೇಲೆ ಬಿಳಿ ಹೊಗೆ ಶುರುವಾಗುತ್ತೆ. ಆ ಬಿಳಿ ಹೊಗೆ ಉಗಿ ಅಲ್ಲ, ತಣ್ಣಗಾಗಿ ಸಣ್ಣ ಹನಿಯಾದ ನೀರು. ಖಾಲಿ ಕಾಣುವ ಜಾಗದಲ್ಲೇ ಅಸಲಿ ಉಗಿ ಇರೋದು. ಜನ ಹೊಗೆಗೆ ಹೆದರಿ ಖಾಲಿ ಜಾಗಕ್ಕೆ ಕೈ ಕೊಡುತ್ತಾರೆ.

ಅಕ್ಕ, ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿಡಿ. ಉಬ್ಬಿದ ರೊಟ್ಟಿಯನ್ನು ಬೆರಳಿಂದ ಚುಚ್ಚಬಾರದು. ಸುಟ್ಟರೆ ನಲ್ಲಿಯ ಸಾದಾ ನೀರನ್ನು 20 ನಿಮಿಷ ಅದರ ಮೇಲೆ ಹರಿಸಬೇಕು, ಬಳೆ ಉಂಗುರ ಕೂಡಲೇ ತೆಗೆಯಬೇಕು. ಐಸ್ ಇಡಬೇಡಿ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಗಾಯ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ. ದೊಡ್ಡ ಗುಳ್ಳೆ ಎದ್ದರೆ, ಮುಖಕ್ಕೆ ತಾಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಳೇ ಐಸ್ ಮೇಸ್ತ್ರಿ

ನರ್ಸಮ್ಮ ಹೇಳಿದ್ದು ಅಕ್ಷರಕ್ಷರ ನಿಜ. ಗಡ್ಡೆಯ ಮೇಲಿಂದ ಏಳೋ ಹೊಗೆಯೂ ಅದೇ ಜಾತಿ. ಐಸ್ ಹೊಗೆ ಬಿಡಲ್ಲ, ಪಕ್ಕದ ಗಾಳಿಯ ತೇವ ತಣ್ಣಗಾಗಿ ಹನಿಗಟ್ಟುತ್ತೆ.

ಈಗ ಹರವಿ. ಮಣ್ಣಿನ ಸಣ್ಣ ತೂತುಗಳಿಂದ ನೀರು ಹೊರಗೆ ಜಿನುಗಿ ಆರುತ್ತೆ. ಆರೋದಕ್ಕೆ ಕುದಿಯಲೇಬೇಕು ಅಂತಿಲ್ಲ, ಆದರೆ ಬಿಸಿಯ ಬಿಲ್ಲು ಕೊಡಲೇಬೇಕು. 30 ಡಿಗ್ರಿಯಲ್ಲಿ ಆರುವ ಪ್ರತಿ ಗ್ರಾಮಿಗೂ ಸುಮಾರು 580 ಕ್ಯಾಲರಿ. ಆ ಬಿಸಿಯನ್ನು ಹರವಿಯೊಳಗಿನ ನೀರಿಂದಲೇ ಕಿತ್ತುಕೊಳ್ಳುತ್ತೆ. ಹತ್ತು ಲೀಟರಿನ ಹರವಿಯಿಂದ ಬರೀ 100 ಗ್ರಾಂ ಆರಿದರೂ ಉಳಿದ ನೀರು ಐದಾರು ಡಿಗ್ರಿ ಇಳಿಯುವಷ್ಟು ಲೆಕ್ಕ. ನಮ್ಮ ಕಡೆ ಮೇ ತಿಂಗಳ ಗಾಳಿ 42 ಡಿಗ್ರಿ ಇದ್ದರೂ ಒಣ. ಎಷ್ಟು ನೀರು ಕೊಟ್ಟರೂ ಕುಡಿಯುತ್ತೆ. ಆಷಾಢದ ಗಾಳಿಯ ಹೊಟ್ಟೆ ಮೊದಲೇ ತುಂಬಿರುತ್ತೆ, ಹರವಿಯ ನೀರು ಆರೋಕೆ ಜಾಗ ಇಲ್ಲ. ಕೂಲರಿನ ಗೋಳೂ ಅದೇ. ಅದಕ್ಕೇ ನಾನು ಹೇಳೋದು, ಮಳೆಗಾಲದಲ್ಲಿ ಕೂಲರಿಗೆ ನೀರು ಹಾಕಬೇಡಿ, ಬರೀ ಫ್ಯಾನಿನ ಹಾಗೆ ಓಡಿಸಿ.

ಗ್ಲಾಸಿನದು ಉಲ್ಟಾ ವ್ಯವಹಾರ. ಗಾಳಿಯ ತೇವ ತಣ್ಣನೆ ಸ್ಟೀಲಿನ ಮೇಲೆ ನೀರಾಗಿ ಕೂರುವಾಗ ಆ ಬಿಸಿಯನ್ನು ಗ್ಲಾಸಿಗೆ ವಾಪಸ್ ಕೊಡುತ್ತೆ. ಹೊರಗೆ ಒಂದು ಗ್ರಾಂ ಬೆವರು ಕೂತರೆ ಒಳಗೆ ಏಳು ಗ್ರಾಂ ಐಸ್ ಕರಗಿಸುವಷ್ಟು ಬಿಸಿ! ಗಡ್ಡೆಗೂ ಹೀಗೇ ಆಗುತ್ತೆ. ಮೈದುನನಿಗೆ ಹೇಳಿ, ಗಡ್ಡೆಯನ್ನು ಮೊದಲು ಸ್ವಚ್ಛ ಪ್ಲಾಸ್ಟಿಕ್‌ನಲ್ಲಿ ಸುತ್ತಲಿ, ಅದರ ಮೇಲೆ ದಪ್ಪ ಗೋಣಿ ಹೊದಿಸಲಿ. ಒದ್ದೆ ಗಾಳಿ ಒಳಗೆ ಹೋಗಬಾರದು.

ಯಾದಗಿರಿ ತಮ್ಮನ ಬಾಟಲಿ ಬಿಟ್ಟೇ ಹೋಯಿತು. ಐಸ್ ಕಟ್ಟೋಕೆ ಶುರುಮಾಡಲು ನೀರಿಗೆ ಒಂದು ಬೀಜ ಬೇಕು. ಧೂಳಿನ ಕಣ, ಗೋಡೆಯ ಒರಟು, ಏನಾದರೂ ಸರಿ. ಫಿಲ್ಟರ್ ನೀರು ನುಣುಪು ಬಾಟಲಿಯಲ್ಲಿ ಅಲ್ಲಾಡದೆ ಇದ್ದರೆ ಮೈನಸ್ 5ಕ್ಕೂ ನೀರಾಗೇ ಇಳಿಯಬಹುದು. ತುಂಬಾ ಶುದ್ಧವಾದ ಸಣ್ಣ ಹನಿ ಮೈನಸ್ 35 ದಾಟಿಯೂ ಗಟ್ಟಿಯಾಗದೆ ಇರುತ್ತೆ ಅಂತಾರೆ, ಮೇಷ್ಟ್ರು ಹೇಳಲಿ. ಕುಟ್ಟಿದಾಗ ಎಲ್ಲೋ ಒಂದು ಕಡೆ ಐಸ್ ಹುಟ್ಟುತ್ತೆ, ಅದೇ ಬೀಜವಾಗಿ ಓಡುತ್ತೆ. ಎರಡನೇ ಬಾಟಲಿ ಬಹುಶಃ ಅಷ್ಟು ಇಳಿದಿರಲಿಲ್ಲ.

ಮೆತ್ತಗೆ ಯಾಕೆ ಗೊತ್ತಾ? ಐಸ್ ಆಗುವಾಗ ನೀರು ಗ್ರಾಮಿಗೆ ಆ 80 ಕ್ಯಾಲರಿಯನ್ನು ಹೊರಗೆ ಬಿಡುತ್ತೆ. ಆ ಬಿಸಿಗೆ ಬಾಟಲಿ ಮೈನಸ್ 5ರಿಂದ ಸೊನ್ನೆಗೆ ಏರಿಬಿಡುತ್ತೆ. ಅಂದರೆ ನಿನ್ನ ಗೆಳೆಯನ ನೀರು ಐಸ್ ಆಗುತ್ತಾ ಆಗುತ್ತಾ ಬಿಸಿಯಾಯಿತು! ಐದನ್ನು ಎಂಬತ್ತರಿಂದ ಭಾಗಿಸು, ನೂರಕ್ಕೆ ಆರು ಭಾಗ ಮಾತ್ರ ಐಸ್. ಉಳಿದದ್ದು ನೀರೇ.

ಬೀದರ್ ಮೇಷ್ಟ್ರು

ಹೌದು, ಮೈನಸ್ 38ರ ತನಕ. ಎತ್ತರದ ಮೋಡಗಳಲ್ಲಿ ಹೀಗೆ ಗಟ್ಟಿಯಾಗದ ಹನಿಗಳು ಬೇಕಾದಷ್ಟು ಇರುತ್ತವೆ. ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಬೀಳುವ ಆಣೆಕಲ್ಲು ಬೆಳೆಯೋದೇ ಇವನ್ನು ಒಂದೊಂದಾಗಿ ಅಂಟಿಸಿಕೊಂಡು. ಒಂದು ಕಲ್ಲನ್ನು ಅಡ್ಡಕ್ಕೆ ಸೀಳಿ ನೋಡಿದರೆ ಕೆಲವು ಪದರ ತಿಳಿ, ಕೆಲವು ಬಿಳಿ. ನಿಧಾನಕ್ಕೆ ಗಟ್ಟಿಯಾದ ಪದರದಿಂದ ಗಾಳಿ ಹೊರಗೆ ಹೋಗಿರುತ್ತೆ, ಬೇಗ ಗಟ್ಟಿಯಾದದ್ದರಲ್ಲಿ ಸಿಕ್ಕಿಕೊಂಡಿರುತ್ತೆ. ಮೇಸ್ತ್ರಿಗಳ ಡಬ್ಬಿಯ ಲೆಕ್ಕವೇ.

ಯಾದಗಿರಿ ಹುಡುಗ

ಐಸ್ ಆಗುವಾಗ ಬಿಸಿಯಾಗುತ್ತೆ ಅಂದರೆ ಗೆಳೆಯ ನಂಬುತ್ತಿಲ್ಲ ಅಣ್ಣಾ. ಬಾಟಲಿಯೊಳಗೆ ಜ್ವರದ ಥರ್ಮಾಮೀಟರ್ ಹಾಕಿ ನೋಡೋಣ ಅಂತಾನೆ.

ಹಳೇ ಐಸ್ ಮೇಸ್ತ್ರಿ

ಜ್ವರದ್ದು 35ಕ್ಕಿಂತ ಕೆಳಗೆ ತೋರಿಸಲ್ಲ ತಮ್ಮಾ. ಫ್ರಿಜ್ ರಿಪೇರಿಯವರ ಹತ್ತಿರ ವೈರಿನ ತುದಿಗೆ ಸೆನ್ಸರ್ ಇರುವ ಡಿಜಿಟಲ್ ಮೀಟರ್ ಇರುತ್ತೆ, ಒಂದು ದಿನಕ್ಕೆ ಕೇಳಿ ತಗೋ. ಸೆನ್ಸರನ್ನು ಬಾಟಲಿಯೊಳಗೆ ಬಿಡಬೇಡ, ಅದೇ ಬೀಜವಾಗಿ ಐಸ್ ಮೊದಲೇ ಕಟ್ಟುತ್ತೆ. ಹೊರಗಡೆ ಟೇಪಿನಿಂದ ಅಂಟಿಸಿ, ಮೇಲೆ ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಡು. ಪ್ಲಾಸ್ಟಿಕ್ ಬಾಟಲಿಯೇ ಇರಲಿ, ಗಾಜು ಬೇಡ. ಕುಟ್ಟಿದ ಮೇಲೆ ಮೀಟರ್ ಮೇಲಕ್ಕೆ ಏರದಿದ್ದರೆ ಇಲ್ಲಿ ಬಂದು ಬರಿ.